ರೈನ್ ನದಿಯ ಕೆಂಪು

ನದಿಗೆ ಬೆರೆತ ವಿಷಕ್ಕೆ ಬಣ್ಣವಿರುವುದು ಅಪೂರ್ವ. ಇದ್ದಿದ್ದರೆ ಎಷ್ಟೋ ನದಿಗಳು ಕೆಡದೆ ಉಳಿಯುತ್ತಿದ್ದವೇನೋ! ಯೂರೋಪು ಖಂಡದ ರೈನ್ ನದಿಯ ಪೂರ್ವೋತ್ತರವನ್ನು ಬಲ್ಲವರಿಗೆ ಹಾಗೆ ತೋರದಿರದು.

1986ನೆಯ ಇಸವಿ ನವೆಂಬರ್ 1ನೆಯ ತಾರೀಖು, ಇನ್ನೂ ಬೆಳಕು ಹರಿಯುವ ಮೊದಲೇ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಕೀಟನಾಶಕಗಳನ್ನು ತುಂಬಿದ್ದ ಉಗ್ರಾಣವೊಂದಕ್ಕೆ ಬೆಂಕಿ ಹತ್ತಿತು. ಆರಿಸಲು ನೀರು ಸುರಿದರು. ಸುರಿಯದೆ ಮತ್ತೇನು ಮಾಡಿಯಾರು? ಆ ನೀರನ್ನು ತಡೆದು ನಿಲ್ಲಿಸತಕ್ಕ ತೊಟ್ಟಿಯೇ ಅಲ್ಲಿರಲಿಲ್ಲ. ಟನ್ನುಗಟ್ಟಲೆ ವಿಷದ್ರವ್ಯ ಅದರೊಡನೆ ನದಿಗಿಳಿಯಿತು. ಉಗ್ರಾಣದಲ್ಲಿದ್ದ ರೋಡಮಿನ್ ಎಂಬ ಬಣ್ಣವೂ ಕರಗಿ ಸೇರಿದುದರಿಂದ ರೈನ್ ಕೆಂಪಗೆ ಹರಿಯಿತು. ಕೆಳಗೆ ಸುಮಾರು 250 ಮೈಲಿಯವರೆಗೆ ಹಾವುಮೀನುಗಳ ಸಂತತಿಯೇ ನಾಶವಾಯಿತು. ಸತ್ತವು ಲಕ್ಷಕ್ಕೂ ಮೇಲೆ. ವಿಷಕ್ಕೆ ಗಡಿಯ ಚೌಕಿಯುಂಟೆ? ಫ್ರಾನ್ಸು ಜರ್ಮನಿಗಳನ್ನು ಹಾದು ಹಾಲೆಂಡಿನ ಮೂಲಕ ಅದು ಸಮುದ್ರವನ್ನು ಸೇರಿತು.

ಜನರನ್ನು ಬೆಚ್ಚಿಬೀಳಿಸಿದುದು ಆ ಕೆಂಪು. ಮೀನುಗಳನ್ನು ಕೊಂದುದೋ, ಅದರ ಜೊತೆಯಲ್ಲಿ ಕಣ್ಣಿಗೆ ಕಾಣದೆ ಬಂದ ಕೀಟನಾಶಕ. ಅದಕ್ಕೆ ಹಿಂದೆ ನದಿ ನಿರ್ಮಲವಾಗಿದ್ದಿತೆಂದೂ ಅಲ್ಲ. ದಡದ ಊರುಗಳ ಕೊಳಚೆ, ಕಾರ್ಖಾನೆಗಳ ಪಾದರಸ, ಕ್ಯಾಡ್ಮಿಯಮ್ ಮೊದಲಾದುವು ದಶಕಗಳಿಂದ ಸದ್ದಿಲ್ಲದೆ ಇಳಿಯುತ್ತಲೇ ಇದ್ದುವು. ನದಿಯ ರಕ್ಷಣೆಗೆಂದು ಐದು ದೇಶಗಳು ಕೂಡಿ 1950ರಲ್ಲಿಯೇ ಒಂದು ಮಂಡಲಿಯನ್ನು ಕಟ್ಟಿದ್ದುವು. ಸಭೆಗಳು ನಡೆದುವು, ಒಪ್ಪಂದಗಳಾದುವು, ಕೊಳಚೆಯನ್ನು ಶೋಧಿಸುವ ಸ್ಥಾವರಗಳೂ ಎದ್ದುವು, ಇಲ್ಲವೆನ್ನಲಾಗದು. ಆದರೂ ನಡಿಗೆ ಆಮೆಯದು. ಕೆಂಪು ನೀರನ್ನು ಕಂಡ ಮರುವರ್ಷವೇ, 1987ರಲ್ಲಿ, ಮುಖ್ಯ ವಿಷದ್ರವ್ಯಗಳನ್ನು 1995ರೊಳಗೆ ಅರ್ಧಕ್ಕಿಳಿಸಬೇಕು, 2000ದ ವೇಳೆಗೆ ಸಾಲ್ಮನ್ ಮೀನು ಮರಳಿ ಬರಬೇಕು ಎಂದು ಗೊತ್ತುಮಾಡಿದರು. ಬೆಂಕಿಯಾರಿಸಿದ ನೀರನ್ನು ಹಿಡಿದಿಡಲು ಕಾರ್ಖಾನೆಗಳಲ್ಲಿ ತೊಟ್ಟಿಗಳೂ ಆದುವು.

ಮೀನನ್ನು ಗುರಿಯಾಗಿಟ್ಟುಕೊಂಡುದು ಜಾಣತನವೇ ಸರಿ. ರಸಾಯನಗಳ ಪಟ್ಟಿಯನ್ನು ಓದಬಲ್ಲವರೆಷ್ಟು ಮಂದಿ? ಮೀನು ಬಂದಿತೇ ಎಂದು ಬೆಸ್ತರ ಹುಡುಗನೂ ಕೇಳಬಲ್ಲ. ಸಾಲ್ಮನ್ ಕಡಲಿನಿಂದ ಹೊಳೆಯೇರಿ ಬಂದು ಮೊಟ್ಟೆಯಿಡತಕ್ಕ ಜಾತಿ. ನಡುವೆ ಒಂದೆಡೆ ನೀರು ಕೆಟ್ಟಿದ್ದರೂ ಅದರ ಯಾತ್ರೆ ಮುರಿಯುತ್ತದೆ. ಉಪನದಿಗಳಲ್ಲಿ ಮರಿಗಳನ್ನು ಬಿಟ್ಟು ಕಾದರು. 1990ರಲ್ಲಿ ಜೀಗ್ ಎಂಬ ಉಪನದಿಗೆ ಬೆಳೆದ ಸಾಲ್ಮನ್ ಮರಳಿ ಬಂದಿತು.

ಮುಂದಿನ ತೊಡಕು ವಿಷದ್ದಲ್ಲ, ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳದು. ಮೀನು ಹತ್ತಲೆಂದು ಇಫೆಟ್ಸ್‌ಹೈಮಿನ ಕಟ್ಟೆಗೆ 2000ದಲ್ಲಿ, ಅದರಿಂದ ಮೇಲಿನ ಗಾಂಬ್ಸ್‌ಹೈಮಿನ ಕಟ್ಟೆಗೆ 2006ರಲ್ಲಿ ನೀರಿನ ಮೆಟ್ಟಿಲುಗಳನ್ನು ಕಟ್ಟಿದರು. ಗಾಂಬ್ಸ್‌ಹೈಮಿನಲ್ಲಿ ಮೀನುಗಳು ಏರಿ ಬರುವುದನ್ನು ಗಾಜಿನ ಕಿಟಕಿಯ ಈಚೆ ನಿಂತು ಜನರು ಕಣ್ಣಾರೆ ನೋಡುತ್ತಾರೆ.