ಕೆರೆ ಕಟ್ಟಿಸಿದ ಕಲೆಕ್ಟರ್

ಊಟಿಯ ಬೋಟ್ ಹೌಸ್‌ನ ಸಾಲಿನಲ್ಲಿ ನಿಂತವನಿಗೆ ಬೆಟ್ಟವೂ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ಮುಂದಿನವರ ಬೆನ್ನು ಮಾತ್ರ. ಇ-ಪಾಸ್ ಮಾಡಿಸಿ, ಬಂಡೀಪುರ ದಾಟಿ, ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಬಂದದ್ದು ಇದಕ್ಕೇನು ಎಂದು ರೇಗಿತು. ವರ್ಕಿ ಬಿಸ್ಕತ್ತಿನ ಅಂಗಡಿಯವನು ಮುಖ ನೋಡಿ ಬೆಲೆ ಹೇಳುತ್ತಿದ್ದ.

ಈ ಕೆರೆ ಮಾಡಿಸಿದ್ದು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್, 1823ರ ಸುಮಾರಿಗೆ. ಉದ್ದೇಶ ನೀರಾವರಿ, ದೋಣಿವಿಹಾರವಲ್ಲ. ಅದರ ಒಂದು ಪಾಲು ಮುಚ್ಚಿಹೋಗಿ, ಅಲ್ಲಿ ಬಸ್ ನಿಲ್ದಾಣವೂ ರೇಸ್ ಕೋರ್ಸೂ ಬಂದವು.

ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದೆ. ಟಿಪ್ಪುವಿನ ಲಾಲ್ ಮಹಲನ್ನು ಕೆಡವಿ ಶ್ರೀರಂಗಪಟ್ಟಣದಿಂದ ಹೊತ್ತು ತಂದ ತೊಲೆಗಳು ಒಳಗಿವೆ. ನಮ್ಮ ಕಡೆಯ ಮರ, ಬೇರೆಯವರ ದೇವರ ತಲೆಯ ಮೇಲೆ; ನೋಡಿ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊರಗೆ ಸಲಿವನ್‌ನ ಹೆಂಡತಿ ಹೆನ್ರಿಯೆಟಾಳ ಸಮಾಧಿಯಿದೆ. ಅವಳೂ ಅವರ ಮಗಳೂ 1838ರಲ್ಲಿ ತೀರಿಕೊಂಡರು. 1841ರಲ್ಲಿ ಅವನು ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದ.

ಮರುದಿನ ಕೋಟಗಿರಿ ಪಕ್ಕದ ಕಣ್ಣೇರಿಮುಕ್ಕು. ಪಾಳುಬಿದ್ದಿದ್ದ ಸಲಿವನ್‌ನ ಬಂಗಲೆಯನ್ನು ದುರಸ್ತಿ ಮಾಡಿ ಸ್ಮಾರಕ ಮಾಡಿದ್ದಾರೆ. ನೂಕುನುಗ್ಗಲಿಲ್ಲ, ಪುಣ್ಯ. ಅಲ್ಲಿ ಅವನ ಕತೆಯಿದೆ: ಹದಿನೈದರ ಹುಡುಗ ಈಸ್ಟ್ ಇಂಡಿಯಾ ಕಂಪನಿಯಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿ ಸೇರುತ್ತಾನೆ, ಮೈಸೂರು ರೆಸಿಡೆಂಟರ ಕೈಕೆಳಗೆ ದುಡಿಯುತ್ತಾನೆ, 1815ರಲ್ಲಿ ಕೊಯಮತ್ತೂರಿಗೆ ಕಲೆಕ್ಟರ್ ಆಗುತ್ತಾನೆ. 1819ರ ಜನವರಿಯಲ್ಲಿ ಬೆಟ್ಟ ಹತ್ತಿದವನಿಗೆ ಬೆಟ್ಟವೇ ಗೀಳಾಗುತ್ತದೆ. ಬೆಟ್ಟದ ಮೂಲನಿವಾಸಿಗಳಾದ ತೋದರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಳ್ಳುತ್ತಾನೆ. ಆಮೇಲೆ ಈ ನೆಲ ತೋದರದೇ, ಅವರ ಹಕ್ಕು ಒಪ್ಪಿಕೊಳ್ಳಿ ಎಂದು ಸರ್ಕಾರದ ಜೊತೆ ವಾದಕ್ಕೂ ಇಳಿಯುತ್ತಾನೆ. ಕೊಂಡವನೂ ಅವನೇ, ತಕರಾರು ತೆಗೆದವನೂ ಅವನೇ! ಇಂಥವನನ್ನು ಹಾರ ಹಾಕಿ ಕೂರಿಸುವುದೂ ಕಷ್ಟ, ಬೈದು ಮುಗಿಸುವುದೂ ಕಷ್ಟ. ಆದರೆ ಆ ಒಂದು ರೂಪಾಯಿ ನನಗೆ ಜೀರ್ಣವಾಗಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಬಿಳಿ ಮುಂಡಾಸಿನ ಬಡಗ ಅಜ್ಜರೊಬ್ಬರು ಕೂತಿದ್ದರು. ನನ್ನ ಕನ್ನಡ, ಅವರ ಬಡಗ. ಸ್ವಲ್ಪ ನಿಧಾನಿಸಿದರೆ ಮಾತು ನಡೆಯುತ್ತಿತ್ತು. "ಅಜ್ಜಾರೇ, ಈ ದೊರೆ ಒಳ್ಳೆಯವನೇ?" ಎಂದೆ. ಅವರು ಬಂಗಲೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನು ಆಲೂಗೆಡ್ಡೆ ತಂದನಂತೆ, ಕೋಸು ತಂದನಂತೆ, ಇರಲಿ ಎಂದರು. ಆಮೇಲೆ ನನ್ನ ಊರು, ಅಲ್ಲಿ ಕಾಫಿಯ ಬೆಲೆ ಎಲ್ಲ ಕೇಳಿದರು. ಅಲ್ಲಿಂದ ಮಾತು ಚಹಾ ಎಲೆಗೆ ಹೊರಳಿತು: ಕೊಯ್ಯುವ ಕೂಲಿಯೂ ಹುಟ್ಟದಂಥ ದರ, ಗೊಬ್ಬರದ ಸಾಲ, ಪಟ್ಟಣ ಸೇರಿದ ಮಕ್ಕಳು, ಅರ್ಧ ತೋಟ ರೆಸಾರ್ಟಿಗೆ ಮಾರಿದ ನೆರೆಯವರು. ನೆಲದ ಬೆಲೆ ಈಗ ಎಷ್ಟೆಂದು ಕೇಳಿದೆ. ಅವರು ಹೇಳಿದ ಅಂಕಿಗೆ ನಾನು ಬಾಯಿ ತೆರೆದೆ.

"ನೀವು ಮಾರ್ತೀರಾ?"

"ಕೇಳೋಕೆ ಬಂದವರು ನೀವೇ ಮೊದಲನೆಯವರಲ್ಲ" ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.