ಮೂರನೆಯ ಯುಗಾದಿಯ ಹರಿಶ್ಚಂದ್ರ

ಹುಬ್ಬಳ್ಳಿಯಿಂದ ಕಾರವಾರದ ಹೆದ್ದಾರಿ ಹಿಡಿದು ಹೊರಟರೆ ಒಂದು ತಾಸಿನೊಳಗೆ ಕಲಘಟಗಿ ಬರುತ್ತದೆ. ದೂರ ಹೆಚ್ಚಿಲ್ಲ, ಸುಮಾರು 30 ಕಿಲೋಮೀಟರು. ಆದರೆ ಇಷ್ಟು ಅಲ್ಪ ಅಂತರದಲ್ಲಿಯೇ ನೆಲ ತನ್ನ ಉಡುಗೆಯನ್ನು ಬದಲಿಸಿಕೊಳ್ಳುವ ಚಂದವನ್ನು ನೋಡಬೇಕು. ಎರೆಹೊಲಗಳ ಕಪ್ಪು ಮೆಲ್ಲನೆ ಹಿಂದೆ ಸರಿದು ಕೆಂಪು ಮಣ್ಣು ಇಣಿಕುತ್ತದೆ. ಬತ್ತದ ಗದ್ದೆಗಳು ತೋರುತ್ತವೆ. ಪಶ್ಚಿಮದ ಅಂಚಿನಲ್ಲಿ ಯಲ್ಲಾಪುರದ ಕಾಡು ನೀಲಿಯ ಗೆರೆಯಾಗಿ ನಿಲ್ಲುತ್ತದೆ. ಬಯಲುಸೀಮೆಯವರಿಗೆ ಇದು ಮಲೆನಾಡು. ಮಲೆನಾಡಿನವರಿಗೆ ಇದು ಬಯಲುಸೀಮೆ. ಕಲಘಟಗಿಯವರು ಮಾತ್ರ ಯಾರ ಮಾತಿಗೂ ಎದುರಾಡದೆ, ಎರಡೂ ಕಡೆಯವರೊಡನೆ ಸುಖವಾಗಿ ಸಂತೆ ಮಾಡುತ್ತಾರೆ.

ಕಲಘಟಗಿಯೆಂದೊಡನೆ ನಮ್ಮ ಕಡೆಯ ತಾಯಂದಿರಿಗೆ ನೆನಪಾಗುವುದು ತೊಟ್ಟಿಲು. ಸಾಗುವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣ ಕೂಡಿಸಿ, ಕೃಷ್ಣನ ಬಾಲಲೀಲೆಯನ್ನೋ ರಾಮಾಯಣದ ಸನ್ನಿವೇಶಗಳನ್ನೋ ಬರೆದು ಸಿದ್ಧಪಡಿಸುವ ಆ ತೊಟ್ಟಿಲಿನ ಕುಶಲತೆ ಕೆಲವೇ ಮನೆತನಗಳಲ್ಲಿ ಉಳಿದುಬಂದಿದೆ. ಒಮ್ಮೆ ಮನೆಗೆ ಬಂದ ತೊಟ್ಟಿಲು ತಲೆಮಾರುಗಳನ್ನು ತೂಗುತ್ತದೆ. ಆದರೆ ನಾನು ಆ ದಿನ ಕಲಘಟಗಿಗೆ ಹೊರಟದ್ದು ತೊಟ್ಟಿಲಿಗಾಗಿ ಅಲ್ಲ, ನಾಟಕಕ್ಕಾಗಿ. ಅದು 2022ನೆಯ ಇಸವಿಯ ಏಪ್ರಿಲ್ 2, ಶುಭಕೃತ್ ಸಂವತ್ಸರದ ಯುಗಾದಿ. ನಾಟಕ ನಡೆಯಬೇಕಾಗಿದ್ದುದು ಅದಕ್ಕೆ ಎರಡು ವರುಷಗಳ ಹಿಂದೆ!

ತಾಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿಯವರ ಸಂಕೋಚವನ್ನು ಮನ್ನಿಸಿ ಹೆಸರನ್ನು ಬಿಟ್ಟಿದ್ದೇನೆ. ಆ ಹಳ್ಳಿಯ ತರುಣನೊಬ್ಬ ಹುಬ್ಬಳ್ಳಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ. 2020ರ ಫೆಬ್ರುವರಿಯಲ್ಲಿ ಅವನು ಮನೆಗೆ ಬಂದು, “ಸರ್, ನಮ್ಮೂರಾಗ ಈ ಯುಗಾದಿಗೆ ಸತ್ಯ ಹರಿಶ್ಚಂದ್ರ ಆಡತೇವ್ರಿ. ನೀವು ಒಮ್ಮೆ ಬಂದು ತಾಲೀಮು ನೋಡಬೇಕು” ಎಂದ. ಹೋದೆ. ಗುಡಿಯ ಪಕ್ಕದ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಪೇಟಿ ಮಾಸ್ತರರು ಕುಳಿತಿದ್ದರು. ಲೋಹಿತಾಶ್ವನ ಪಾತ್ರಕ್ಕೆ ಹದಿಮೂರರ ಬಾಲಕ. ಅವನು ಕಾಡಿಗೆ ಹೊರಡುವ ಮುನ್ನ ತಾಯಿಯ ಅಪ್ಪಣೆ ಬೇಡುವ ಹಾಡನ್ನು ಎತ್ತಿಕೊಂಡಾಗ, ಪಡಸಾಲೆಯ ಕಂಬಗಳೂ ಕಿವಿಗೊಟ್ಟಂತಾಯಿತು. ಮೂಲೆಯಲ್ಲಿ ಅವನ ತಂಗಿ, ಒಂಬತ್ತು ವರುಷದ ಹುಡುಗಿ, ಮೊಣಕಾಲಿನ ಮೇಲೆ ಗಲ್ಲವಿರಿಸಿ ತುಟಿಯಾಡಿಸುತ್ತಿದ್ದುದನ್ನು ನಾನು ಕಂಡೆನಾದರೂ ಗಮನಿಸಲಿಲ್ಲ.

ಚಂದ್ರಮತಿಯ ಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯೊಬ್ಬರನ್ನು ಇಸಾರ ಕೊಟ್ಟು ಗೊತ್ತುಮಾಡಲಾಗಿತ್ತು. ಪರದೆ, ಕಿರೀಟ, ದೀಪ ಎಲ್ಲವೂ ಬಾಡಿಗೆಗೆ. ಊರಿನ ಒಕ್ಕಲು ಮಕ್ಕಳು ತಮ್ಮ ಮೆಕ್ಕೆಜೋಳ ಮಾರಿದ ಹಣದಲ್ಲಿ ಪಾಲು ತೆಗೆದು ಕೂಡಿಸಿದ ಮೊತ್ತವದು. ನಾಟಕದ ರಾತ್ರಿ ನಿಗದಿಯಾದದ್ದು ಯುಗಾದಿ ಪಾಡ್ಯದಂದು, ಅಂದರೆ 2020ರ ಮಾರ್ಚ್ 25ಕ್ಕೆ.

ವಾಚಕರು ಆ ದಿನವನ್ನು ಮರೆತಿರಲಾರರು. ಇಡಿಯ ದೇಶಕ್ಕೆ ಬೀಗ ಬಿದ್ದ ಮೊದಲನೆಯ ದಿನವೇ ಅದು. ರಾಜ್ಯದಲ್ಲಿ ಚಿತ್ರಮಂದಿರ, ಜಾತ್ರೆ, ಸಭೆ ಸಮಾರಂಭಗಳಿಗೆ ಅದಕ್ಕೂ ಮುನ್ನ, ಮಾರ್ಚ್ ನಡುವಿನಲ್ಲಿಯೇ ತಡೆಯುಂಟಾಗಿತ್ತು. ಹಂದರಕ್ಕೆಂದು ತಂದ ಗಳಗಳನ್ನು ಮರಳಿ ಹಿತ್ತಲಿಗೆ ಸಾಗಿಸಿದರು. ಆ ಯುಗಾದಿಯೊಡನೆ ಕಾಲಿಟ್ಟ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿಯೆಂದರೆ ರಾತ್ರಿ. ಪಂಚಾಂಗದವರು ಅರವತ್ತು ಹೆಸರುಗಳನ್ನು ಸುತ್ತಿಗೆ ಹಾಕಿದಾಗ ಇದನ್ನೆಲ್ಲ ಎಣಿಸಿರಲಿಲ್ಲವೆಂದು ನಾನು ಬಲ್ಲೆ. ಆದರೂ ಕನ್ನಡ ಪಾಠ ಹೇಳುವವನಿಗೆ ಹೆಸರಿನ ಅರ್ಥವನ್ನು ನೋಡದೆ ಮುಂದೆ ಹೋಗುವುದು ಕಷ್ಟ.

ಅದೇ ಮಾರ್ಚ್ 12ರಂದು ದೂರದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳೂ ಬಾಗಿಲು ಮುಚ್ಚಿದ್ದವು. ದೊಡ್ಡ ಸಂಗೀತ ನಾಟಕಗಳು ಅಲ್ಲಿ ಮತ್ತೆ ಪರದೆ ಎತ್ತಿದ್ದು 2021ರ ಸಪ್ಟೆಂಬರಿನ ಸುಮಾರಿಗೆ. 1988ರಿಂದ ನಡೆಯುತ್ತಿದ್ದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ನಾಟಕ ಅಕ್ಟೋಬರ್ 22ರಂದು ಮರಳಿ ರಂಗವೇರಿ, 13,981 ಪ್ರಯೋಗಗಳನ್ನು ಮುಗಿಸಿ 2023ರ ಏಪ್ರಿಲಿನಲ್ಲಿ ಮುಕ್ತಾಯವಾಯಿತು. ಅಲ್ಲಿ ದಿನಾಂಕವೆಂಬುದು ಮಂದಿರದ ಕಚೇರಿಯ ಸ್ವತ್ತು. ಇಂದಿನದನ್ನು ನಾಳೆಗೆ, ನಾಳಿನದನ್ನು ಮುಂದಿನ ವರುಷಕ್ಕೆ ಸರಿಸಬಹುದು.

ನಮ್ಮ ನಾಟಕದ ದಿನಾಂಕ ನಮ್ಮದಲ್ಲ; ಅದು ದೇವಿಯದು, ಸುಗ್ಗಿಯದು, ಹುಣ್ಣಿಮೆಯದು. ಬಾದಾಮಿಯ ಬನಶಂಕರಿ ಜಾತ್ರೆಯನ್ನೇ ನೋಡಿರಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವೃತ್ತಿ ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಬೆಳತನಕ ಆಡುತ್ತವೆ; ಆ ಒಂದು ಕ್ಯಾಂಪಿನ ಗಳಿಕೆ ವರುಷದ ಬೇರೆ ಊರುಗಳ ನಷ್ಟವನ್ನು ತುಂಬಬೇಕು. 2020ರ ಜನವರಿಯ ಹುಣ್ಣಿಮೆ ಮುಗಿದ ಮೇಲೆ ಬಂದ ಎರಡು ಹುಣ್ಣಿಮೆಗಳೂ, 2021ರದು ಮತ್ತು 2022ರದು, ನಿರ್ಬಂಧಗಳಲ್ಲಿಯೇ ಕಳೆದವು. ಕಳೆದ ಹುಣ್ಣಿಮೆಯನ್ನು ಮುಂದೂಡುವವರು ಯಾರು? ಸರಕಾರ 2021ರ ಮೇ ತಿಂಗಳಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಸಾರಿತು. ಅಷ್ಟರಲ್ಲಿ ಎಷ್ಟೋ ನಟರು ತಳ್ಳುಗಾಡಿ ಹಿಡಿದಿದ್ದರು, ಗಾರೆಕೆಲಸಕ್ಕೆ ಹೋಗಿದ್ದರು.

ಮಾರಿ ಬೇನೆ ಈ ನೆಲಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಸುಡುತ್ತಿತ್ತು. ಜನ ಊರು ತೊರೆದು ಹೊಲಗಳಲ್ಲಿ ಜೋಪಡಿ ಹಾಕಿಕೊಂಡರು. ಹಾಫ್‌ಕಿನ್ ಸಾಹೇಬರು ಕಂಡುಹಿಡಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಮಂದಿಗೆ ಚುಚ್ಚಿದ ಕಾಲವದು. ಇಪ್ಪತ್ತು ವರುಷಗಳ ಬಳಿಕ, 1918ರಲ್ಲಿ, ಇನ್‌ಫ್ಲುಯೆಂಜಾ ಬಂದಿತು. ಸೋಜಿಗವೆಂದರೆ, ಶಿರಹಟ್ಟಿ ವೆಂಕೋಬರಾಯರ, ವಾಮನರಾವ್ ಮಾಸ್ತರರ, ಗರುಡ ಸದಾಶಿವರಾಯರ ಕಂಪನಿಗಳು ಈ ಸೀಮೆಯಲ್ಲಿ ತಲೆಯೆತ್ತಿ ಮೆರೆದುದೂ ಇದೇ ಕಾಲಖಂಡದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿದರು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದರು. ಆ ಕಂಪನಿಗಳ ಮಾಲಿಕರಿಗೆ ಬೇನೆಯಷ್ಟೇ ಭಯವಿದ್ದ ಇನ್ನೊಂದು ಸಂಗತಿಯೆಂದರೆ ಬಾಲನಟನ ಕಂಠ. ಅದು ಒಡೆಯುವ ದಿನ ಯಾವ ಹ್ಯಾಂಡ್‌ಬಿಲ್ಲಿನಲ್ಲಿಯೂ ಅಚ್ಚಾಗಿರುವುದಿಲ್ಲ.

ನಮ್ಮ ಹಳ್ಳಿಯ ಲೋಹಿತಾಶ್ವನಿಗೂ ಆದದ್ದು ಅದೇ. ಎರಡನೆಯ ಯುಗಾದಿ, ಪ್ಲವ ಸಂವತ್ಸರದ್ದು, 2021ರ ಏಪ್ರಿಲ್ 13ರಂದು ಬಂದಿತು. ಪ್ಲವವೆಂದರೆ ತೆಪ್ಪ, ದಾಟಿಸೀತೆಂದು ಊರವರು ಮತ್ತೆ ತಾಲೀಮಿಗೆ ಕೂತರು. ಹುಡುಗನ ದನಿ ಮೇಲಿನ ಷಡ್ಜಕ್ಕೆ ಹೋಗುವ ದಾರಿಯಲ್ಲಿ ಎರಡು ಹೋಳಾಯಿತು. ಅವನು ನಾಚಿ ಎದ್ದು ಹೋದನಂತೆ. ಅದರ ಚಿಂತೆ ಬಗೆಹರಿಯುವ ಮುನ್ನ ಎರಡನೆಯ ಅಲೆ ಎದ್ದಿತು. ಜಾತ್ರೆ ಉತ್ಸವಗಳು ನಿಂತವು; ಏಪ್ರಿಲ್ 27ರಿಂದ ರಾಜ್ಯ ಮತ್ತೊಮ್ಮೆ ಬಾಗಿಲಿಕ್ಕಿಕೊಂಡಿತು.

ಆ ಮೇ ತಿಂಗಳಲ್ಲಿ ನನ್ನ ತಂದೆಯವರು ತೀರಿಕೊಂಡರು. ಸ್ಮಶಾನದ ಗೇಟಿನ ಹೊರಗೆ ನಾನೂ ನನ್ನ ತಮ್ಮನೂ ಸರದಿಯ ಚೀಟಿ ಹಿಡಿದು ನಾಲ್ಕು ತಾಸು ನಿಂತಿದ್ದೆವು. ನಾಲ್ವರು ಹೆಗಲು ಕೊಡುವವರಿರಲಿಲ್ಲ. ಮುಖವನ್ನು ತೆರೆದು ತೋರಿಸುವವರಿರಲಿಲ್ಲ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಇಂತಹ ನಾಲ್ಕು ತಾಸು ಆ ವರುಷ ಎಷ್ಟೋ ಮನೆಗಳವರ ಪಾಲಿಗೆ ಬಂದಿತ್ತು.

ಆದ್ದರಿಂದ 2022ರಲ್ಲಿ ಶಿಷ್ಯ ಮತ್ತೆ ಬಂದು ಮೂರನೆಯ ಬಾರಿ ಆಮಂತ್ರಣವಿತ್ತಾಗ ನಾನು ಕೇಳಿಯೇಬಿಟ್ಟೆ: “ಬೇರೆ ನಾಟಕ ಇಲ್ಲವೇನಪ್ಪಾ? ಏನಾದರೂ ನಗಿಸುವಂಥದು? ಹರಿಶ್ಚಂದ್ರನೇ ಬೇಕೆಂದರೆ ಸ್ಮಶಾನದ ದೃಶ್ಯವನ್ನಾದರೂ ಮೊಟಕು ಮಾಡಿರಿ.” ಅವನು ಪೇಟಿ ಮಾಸ್ತರರಿಗೆ ದೂರವಾಣಿ ಹಚ್ಚಿ ನನ್ನ ಕೈಗಿತ್ತ. ಆ ಕಡೆಯಿಂದ ಮುದುಕರ ದನಿ ಶಾಂತವಾಗಿ ಬಂದಿತು:

“ಸುಡುಗಾಡಿನ ಸೀನು ತಗದರ ಹರಿಶ್ಚಂದ್ರ ಏನ ಉಳೀತಾನ್ರಿ ಸರ? ಬರೇ ಸಾಲಗಾರ ಉಳೀತಾನ.”

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು: “ಅವನೂ ಗಡುವು ಕೇಳಿದಾವನ ಅಲ್ಲೇನ್ರಿ? ಗಡುವು ಕೇಳೋದು ತಪ್ಪಲ್ಲ. ಗಡುವು ಬಂದಾಗ ಮಾತು ತಪ್ಪೋದು ತಪ್ಪು. ನಾವು ದ್ಯಾಮವ್ವಗ ಮಾತು ಕೊಟ್ಟೇವಿ.”

ಹದಿಮೂರನೆಯ ಶತಮಾನದ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನಾನು ವರುಷ ವರುಷ ತರಗತಿಯಲ್ಲಿ ಬೋಧಿಸಿದವನು. ವಿಶ್ವಾಮಿತ್ರನ ಸಾಲಕ್ಕೆ ರಾಜ ಅವಧಿ ಬೇಡುವ ಪ್ರಸಂಗವನ್ನು, ಬೆನ್ನು ಬಿಡದ ನಕ್ಷತ್ರಿಕನ ಕಾಟವನ್ನು ಪರೀಕ್ಷೆಗೆ ಬರಬಹುದಾದ ಪ್ರಶ್ನೆಯೆಂದು ಗುರುತು ಹಾಕಿಸಿದವನು. ಆ ಕಥೆಯೇ ಒಂದು ಮುಂದೂಡಿದ ಮಾತಿನ ಕಥೆಯೆಂಬುದು ನನಗೆ ಹೊಳೆದದ್ದು ಈ ಪೇಟಿ ಮಾಸ್ತರರಿಂದ.

ಹೀಗೆ ಯುಗಾದಿಯ ಸಂಜೆ ಕಲಘಟಗಿಯಲ್ಲಿ ಬಸ್ಸಿಳಿದು, ಶಿಷ್ಯನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹಳ್ಳಿ ಸೇರಿದೆ. ಬೇವು ಬೆಲ್ಲವಾಯಿತು, ಹೋಳಿಗೆಯ ಊಟವಾಯಿತು. ಪಾಡ್ಯದ ರಾತ್ರಿ; ಚಂದ್ರನಿಲ್ಲ. ಗುಡಿಯ ಮುಂದಿನ ಹಂದರದ ದೀಪಗಳಷ್ಟೇ ಬೆಳಕು. ಬಣ್ಣದ ಕೋಣೆಯಲ್ಲಿ ಚಂದ್ರಮತಿಯ ಪಾತ್ರದ ಕಲಾವಿದೆ ಕನ್ನಡಿಯೆದುರು ಕುಳಿತಿದ್ದರು. ಲಾಕ್‌ಡೌನಿನಲ್ಲಿ ಕಾಯಿಪಲ್ಲೆ ಮಾರಿ ಮನೆ ನಡೆಸಿದರಂತೆ. ಇಸಾರದ ಹಣ ಅಕ್ಕಿ ಎಣ್ಣೆಗೆ ಮುಗಿದುಹೋಗಿತ್ತು. ತಿರುಗಿ ಕೊಡುವೆನೆಂದರೂ ಊರವರು ಬೇಡವೆಂದಿದ್ದರು. ಈಗ ಎಲ್ಲದರ ಬೆಲೆಯೇರಿದೆ, ಸಂಭಾವನೆ ಹೆಚ್ಚಿಸಿ ಕೇಳಬಹುದಿತ್ತಲ್ಲ ಎಂದು ನಾನು ಮೆಲ್ಲಗೆ ಅಂದಾಗ, ಹುಬ್ಬು ತೀಡುತ್ತಲೇ ಅವರು ನಕ್ಕರು. “ಇಸಾರ ತಗೊಂಡಿದ್ದು ಆ ವರ್ಷದ ರೇಟಿಗೆ ಅಲ್ಲೇನ್ರಿ ಸರ್?”

ಲೋಹಿತಾಶ್ವನೆಲ್ಲಿ? ಹದಿನೈದು ತುಂಬಿದ ಹುಡುಗ, ಮೂಗಿನ ಕೆಳಗೆ ಎಳೆಮೀಸೆ, ಪಕ್ಕದ ಪರದೆಯ ಹಿಂದೆ ನಾಟಕದ ವಹಿ ಹಿಡಿದು ಮಾತೆತ್ತಿ ಕೊಡಲು ನಿಂತಿದ್ದ. ರಾಜಕುಮಾರನ ಉಡುಪು ತೊಟ್ಟಿದ್ದವಳು ಅವನ ತಂಗಿ! ಎರಡು ವರುಷ ಮೂಲೆಯಲ್ಲಿ ಕುಳಿತು ತುಟಿಯಾಡಿಸಿದವಳಿಗೆ ಒಂದಕ್ಷರವನ್ನೂ ಕಲಿಸಬೇಕಾಗಿರಲಿಲ್ಲ. ಆದರೆ ಆ ಊರಿನಲ್ಲಿ ಅದುವರೆಗೆ ಊರ ಹೆಣ್ಣುಮಗಳು ಬಣ್ಣ ಹಚ್ಚಿರಲಿಲ್ಲ. ಹಿರಿಯರು ಕೂಡದೆಂದರು, ಹೊರಗಿನವರನ್ನು ಕರೆಸೋಣವೆಂದರು. ಎರಡು ದಿನದ ವಾದ ಕೇಳಿ ಕೇಳಿ ಬೇಸತ್ತ ಅವಳ ತಾಯಿ ಗುಡಿಯ ಕಟ್ಟೆಗೆ ಬಂದು, “ಹೊರಗಿನ ಹೆಣ್ಣುಮಗಳು ಚಂದ್ರಮತಿ ಆಗಿ ಅತ್ತರ ನೀವೆಲ್ಲಾ ಅಳತೀರಿ. ಆಕೀನೂ ಯಾರದೋ ಮಗಳ ಅಲ್ಲೇನ್ರಿ?” ಎಂದಳಂತೆ. ಅಲ್ಲಿಗೆ ವಾದ ಮುಗಿಯಿತು.

ರಾತ್ರಿ ಹತ್ತೂವರೆಗೆ ನಾಂದಿ. ನಕ್ಷತ್ರಿಕನ ಪಾತ್ರದವನು ಊರಿನ ಸೊಸಾಯಿಟಿಯ ಸಾಲಗಾರರ ಹೆಸರುಗಳನ್ನು ನಡುವೆ ಸೇರಿಸಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ನಡುರಾತ್ರಿ ದಾಟಿದ ಮೇಲೆ ಹುಡುಗಿ ಅಪ್ಪಣೆ ಬೇಡುವ ಹಾಡನ್ನೆತ್ತಿದಳು. ಅಣ್ಣನ ಅಂದಿನ ಹಾಡುಗಾರಿಕೆ ಜೇನಿನಂತಿತ್ತು. ಇವಳ ದನಿಯಲ್ಲಿ ಜೇನಿಲ್ಲ, ಬಾವಿಯ ನೀರಿನ ತಂಪಿತ್ತು. ಪರದೆಯ ಹಿಂದೆ ಅಣ್ಣ ವಹಿಯನ್ನು ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ನಿಂತಿದ್ದನ್ನು ನಾನು ಕುಳಿತಲ್ಲಿಂದಲೇ ಕಂಡೆ.

ಆಮೇಲೆ ಸುಡುಗಾಡು. ಮಗನ ಹೆಣವನ್ನು ತೊಡೆಯ ಮೇಲಿರಿಸಿಕೊಂಡ ತಾಯಿ. ಸುಂಕ ಕೊಡದೆ ಸುಡಗೊಡೆನೆಂದು ಕೋಲೂರಿ ನಿಂತ ತಂದೆ. ಈ ದೃಶ್ಯಕ್ಕೆ ಹೆಂಗಸರು ಬಿಕ್ಕುವುದು ನಾಟಕ ಹುಟ್ಟಿದಂದಿನಿಂದ ಬಂದ ಪದ್ಧತಿ. ಅಂದು ಹಂದರದಲ್ಲಿ ಬಿಕ್ಕಿನ ಸದ್ದೇ ಇರಲಿಲ್ಲ. ಗಂಡಸರು, ಹೆಂಗಸರು, ಮುದುಕರು ಮಿಸುಕದೆ ಕುಳಿತಿದ್ದರು. ನನ್ನ ಮುಂದಿದ್ದ ರೈತನೊಬ್ಬ ತಲೆಯ ರುಮಾಲನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಅದನ್ನು ನೋಡಿ ಇನ್ನೊಬ್ಬ ಬಿಚ್ಚಿದ. ಹೀಗೆ ಒಬ್ಬೊಬ್ಬರಾಗಿ ಹಂದರದ ಗಂಡಸರೆಲ್ಲ ಬರಿದಲೆಯಲ್ಲಿ ಕುಳಿತರು. ಹೆಣ ಹೋಗುವಾಗ ಹೀಗೆ ತಲೆ ಬರಿದು ಮಾಡಿ ನಿಲ್ಲುವ ಅವಕಾಶ ಎರಡು ವರುಷ ಯಾರಿಗೂ ಇರಲಿಲ್ಲ. ನನ್ನ ತಲೆಯ ಮೇಲೆ ರುಮಾಲಿರಲಿಲ್ಲ. ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಮುಂದಿನದೆಲ್ಲ ಮಸುಕಾಗಿ ಕಂಡಿತು.

2020ರಲ್ಲಿ ಆಡಿದ್ದರೆ ಅದೊಂದು ಒಳ್ಳೆಯ ನಾಟಕವಾಗುತ್ತಿತ್ತು; ಜನ ಹಾಡುಗಳನ್ನು ಹೊಗಳಿ, ಮನೆಗೆ ಹೋಗಿ ಮಲಗುತ್ತಿದ್ದರು. ದಿನಾಂಕವನ್ನು ಮುಂದಕ್ಕೆ ಹಾಕಿದ ಊರವರು ಅದೇ ನಾಟಕವನ್ನೇ ಆಡುತ್ತಿದ್ದೇವೆಂದು ತಿಳಿದಿದ್ದರು. ಆ ನಾಟಕದ ಕಂಠ ಒಡೆದು ಹೋಗಿತ್ತು. ನೋಡಲಿದ್ದವರಲ್ಲಿ ಕೆಲವರು ಹೋಗಿದ್ದರು. ಮೂರನೆಯ ಯುಗಾದಿಗೆ ರಂಗವೇರಿದ್ದು ಇನ್ನೊಂದೇ ನಾಟಕ.

ಮಂಗಳಾರತಿಯಾಗುವಾಗ ಮೂಡಲು ಕೆಂಪಾಗಿತ್ತು. ಸತ್ತ ಲೋಹಿತಾಶ್ವ ಮುಖದ ಬಣ್ಣ ತೊಳೆಯದೆಯೇ ತಾಯಿಯ ತೊಡೆಯ ಮೇಲೆ ಗಾಢವಾಗಿ ನಿದ್ದೆ ಹೋಗಿದ್ದಳು. ಪೇಟಿ ಮಾಸ್ತರರು ಪೇಟಿಗೆ ಬಟ್ಟೆ ಹೊದಿಸಿ, ನನ್ನ ಕಡೆಗೆ ತಿರುಗಿ, “ಸೀನು ಉದ್ದ ಆತೇನ್ರಿ ಸರ?” ಎಂದು ಕೇಳಿದರು. “ಇಲ್ಲ ಮಾಸ್ತರರೇ, ಸರಿಯಾಗಿತ್ತು” ಎಂದೆ.

ಇದು ನಡೆದು ಈಗ ಕೆಲವು ವರುಷಗಳಾದವು. ನನ್ನ ಕಣ್ಣಿಗೆ ಕಟ್ಟಿದ್ದು ಬಸ್ಸಿಗೆ ಹೊರಡುವ ಮುನ್ನ ಕಂಡ ಒಂದು ನೋಟ. ಬಾಡಿಗೆಯ ಪರದೆಗಳನ್ನು ಸುತ್ತಿ ಗಾಡಿಗೇರಿಸುತ್ತಿದ್ದರು. ಚಂದ್ರಮತಿ ಸಾದಾ ಸೀರೆಯುಟ್ಟು ಕೈಚೀಲ ಹಿಡಿದು ನಿಂತಿದ್ದರು. ಊರ ಹಿರಿಯರೊಬ್ಬರು, ಹೆಣ್ಣುಮಗಳು ಬಣ್ಣ ಹಚ್ಚಕೂಡದೆಂದು ಎರಡು ದಿನ ವಾದಿಸಿದವರೇ, ಬಂದು ಅವರ ಕೈಯಲ್ಲಿ ಉಳಿದ ಹಣವನ್ನಿಟ್ಟರು. ಆಮೇಲೆ ಅಂಗಿಯ ಒಳಜೇಬಿನಿಂದ ಮಡಿಸಿದ ಇನ್ನಷ್ಟು ನೋಟುಗಳನ್ನು ತೆಗೆದರು.

“ಇದು ಮುಂದಿನ ಯುಗಾದಿ ಇಸಾರ, ತಂಗೀ.”

ಆಕೆ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.