ಆಕಾಶ ಯಾರದು?

ಹದ್ದು ಮರಿಯನ್ನು ಹೊತ್ತುಕೊಂಡೇ ಹೋಗಬೇಕೆಂದಿಲ್ಲ. ಅಂಗಳದ ಮೇಲೆ ಒಂದು ಸುತ್ತು ಹಾಕಿದರೆ ಸಾಕು, ಹೇಂಟೆ ಕಾಳು ಹೆಕ್ಕುವುದನ್ನು ಬಿಟ್ಟು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಅಂದಿನ ಮೇವು ಅಲ್ಲಿಗೆ ಮುಗಿಯಿತು. ಯುದ್ಧ ಬಲ್ಲವರು ವಾಯುಪ್ರಾಬಲ್ಯ ಎನ್ನುವುದು ಬಹುಮಟ್ಟಿಗೆ ಇದನ್ನೇ: ನಮ್ಮ ವಿಮಾನಗಳು ಬೇಕಾದಲ್ಲಿ ಹಾರಬೇಕು, ವೈರಿಯವು ನೆಲ ಬಿಟ್ಟು ಏಳಬಾರದು.

ನಮ್ಮ ಬೀದಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದರು. 1971ರಲ್ಲಿ ಪೂರ್ವ ರಂಗದಲ್ಲಿದ್ದವರು. "ಮೊದಮೊದಲು ವಿಮಾನದ ಸದ್ದಾದರೆ ಗುಂಡಿಗೆ ಹಾರುತ್ತಿದ್ದೆವು ಮೇಷ್ಟ್ರೇ. ಆಮೇಲೆ ಹಗಲಲ್ಲೇ ಲಾರಿ ಓಡಿಸಿದೆವು, ಬಯಲಲ್ಲೇ ಒಲೆ ಹಚ್ಚಿದೆವು. ಸದ್ದಾದರೂ ಯಾರೂ ಮೇಲೆ ನೋಡುತ್ತಿರಲಿಲ್ಲ" ಎನ್ನುತ್ತಿದ್ದರು.

ಈ ನಡುವೆ ನಡೆದದ್ದೇನು? ಪೂರ್ವದಲ್ಲಿ ಪಾಕಿಸ್ತಾನಕ್ಕಿದ್ದುದು ಸೇಬರ್ ವಿಮಾನಗಳ ಒಂದೇ ಸ್ಕ್ವಾಡ್ರನ್. ಡಿಸೆಂಬರ್ 4ರಂದು ಅವು ಚೆನ್ನಾಗಿಯೇ ಕಾದಿದವು; ನಮ್ಮ ವಿಮಾನಗಳೂ ಉರುಳಿದವು. ಆಗ ನಮ್ಮವರು ವಿಮಾನಗಳ ಬೆನ್ನು ಹತ್ತುವುದರ ಬದಲು ರನ್‌ವೇಗೆ ಗುರಿಯಿಟ್ಟರು. 6ರಂದು ಮಿಗ್-21ಗಳು ಢಾಕಾದ ತೇಜಗಾಂವ್ ನಿಲ್ದಾಣದ ಮೇಲೆ 500 ಕಿಲೋ ಬಾಂಬುಗಳನ್ನು ಹಾಕಿ ಹೊಂಡ ತೋಡಿದವು. ಉಳಿದ ಸೇಬರ್‌ಗಳು ಗಟ್ಟಿಮುಟ್ಟಾಗಿದ್ದರೂ ನೆಲಕ್ಕಂಟಿಕೊಂಡವು. 11ರಂದು ನಿಧಾನಗತಿಯ ಸಾಗಣೆ ವಿಮಾನಗಳು ಟಾಂಗಾಯಿಲ್‌ನಲ್ಲಿ ಪ್ಯಾರಾಚೂಟ್ ಪಡೆಯನ್ನು ಇಳಿಸಿದವು. ಅಡ್ಡಬರುವವರಿರಲಿಲ್ಲ. 16ಕ್ಕೆ ಢಾಕಾ ಶರಣಾಯಿತು.

ಆಕಾಶ ಕಳೆದುಕೊಂಡವನ ಪಾಡು ನೋಡಬೇಕಾದರೆ ಅದೇ ಯುದ್ಧದ ಪಶ್ಚಿಮ ರಂಗಕ್ಕೆ, ರಾಜಸ್ಥಾನದ ಲೋಂಗೆವಾಲಾಕ್ಕೆ ಹೋಗಬೇಕು. ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ವಿಮಾನಗಳ ಕಾವಲಿಲ್ಲದೆ ಅಲ್ಲಿಗೆ ನುಗ್ಗಿದವು. ನಮ್ಮ ಹಂಟರ್‌ಗಳಿಗೆ ಇರುಳಲ್ಲಿ ಹೋರಾಡುವ ಸೌಕರ್ಯವಿರಲಿಲ್ಲ. ಸುಮಾರು 120 ಮಂದಿ ಬೆಳಗಿನವರೆಗೆ ಠಾಣೆ ಬಿಟ್ಟುಕೊಡದೆ ನಿಂತರು. ಬೆಳಕು ಹರಿದದ್ದೇ ತಡ, ಜೈಸಲ್ಮೇರಿನಿಂದ ಬಂದ ಹಂಟರ್‌ಗಳಿಗೆ ಬಟ್ಟಬಯಲ ಮರಳಿನಲ್ಲಿ ಟ್ಯಾಂಕುಗಳು ಸಿಕ್ಕವು. ಆಕಾಶ ಗೆದ್ದರೂ ನೆಲ ಹಿಡಿದು ನಿಲ್ಲಲು ಮನುಷ್ಯರೇ ಬೇಕು ಎಂಬುದೂ ಆ ರಾತ್ರಿ ಹೇಳುವ ಮಾತು.

ಇಬ್ಬರಲ್ಲಿ ಯಾರಿಗೂ ಆಕಾಶ ದಕ್ಕದಿದ್ದರೆ? 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಎಷ್ಟೋ ಪಟ್ಟು ದೊಡ್ಡ ವಾಯುಪಡೆಯಿದ್ದರೂ ಅಲ್ಲಿನ ಆಕಾಶವನ್ನು ತನ್ನದಾಗಿಸಿಕೊಳ್ಳಲಾಗಲಿಲ್ಲ. ವಿಮಾನ ಉರುಳಿಸುವ ಕ್ಷಿಪಣಿಗಳು ಎರಡೂ ಕಡೆ ಇದ್ದವು. ಯುದ್ಧ ಕಂದಕಗಳಿಗೆ ಇಳಿಯಿತು; ಮೇಲೆ ಪುಟ್ಟ ಡ್ರೋನುಗಳು ಸುತ್ತತೊಡಗಿದವು. ಅನ್ನ, ನೀರು ತರಲು ಹೊರಟ ಸಿಪಾಯಿ, ಅವನು ಯಾವ ಕಡೆಯವನೇ ಆಗಿರಲಿ, ಹತ್ತು ಹೆಜ್ಜೆಗೊಮ್ಮೆ ನಿಂತು ಮೇಲೆ ಕಿವಿಗೊಡುವಂತಾಯಿತು.